ಆರಿಸದ ಮೂರು ಮಾತು

ಪೆದ್ದಕಡುಬೂರು
15 ಜುಲೈ 2024, ಸೋಮವಾರ

ಶ್ರಾವಣಿಗೆ,

ಈಗ ಸಂಜೆ ಐದೂವರೆ. ಬೆಳಿಗ್ಗೆ ಮೋಡ ಕಟ್ಟಿತ್ತು, ಮಳೆ ಬರಲಿಲ್ಲ. ಶಾಲೆಯ ಅಡುಗೆಯಲ್ಲಿ ಇವತ್ತು ಮೊಟ್ಟೆ ಇತ್ತು. ಸುಲಿದು ಸುಲಿದು ಉಗುರಿನ ಬುಡ ಉರಿಯುತ್ತಿದೆ. ಅನ್ನದ ದೊಡ್ಡ ಡಬರಿ ತೊಳೆದು ಬೋರಲು ಹಾಕಿ ಮನೆಗೆ ಬಂದು ಚಹಾ ಮಾಡಿಕೊಂಡೆ. ಒಬ್ಬಳಿಗೇ ಚಹಾ ಮಾಡುವ ಅಳತೆ ಇನ್ನೂ ಕೈಗೆ ಬಂದಿಲ್ಲ. ಉಳಿದದ್ದನ್ನು ಪಕ್ಕದ ಮನೆಯ ಮೂಕಮ್ಮನಿಗೆ ಕೊಟ್ಟೆ. "ನಿನ್ನ ಕೈಗೆ ಬುದ್ಧಿ ಬರಬಾರದವ್ವ, ಬಂದ್ರ ನನ್ನ ಚಾ ಹೋಗತೈತಿ" ಎಂದು ಕಟ್ಟೆಯ ಮೇಲೆ ಕೂತು ಕುಡಿದಳು.

ನೀನು ಗುಂಟೂರಿಗೆ ಹೋದ ಮೇಲೆ ಫೋನಿನಲ್ಲಿ ನಾವು ಮಾತಾಡುವುದೆಲ್ಲ ಒಂದೇ. ಊಟ ಆಯಿತೇ, ಮಳೆ ಬಂತೇ, ಕೆಮ್ಮು ಹೇಗಿದೆ. ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ನಿನ್ನ ಹಿಂದೆ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರ ತೆಲುಗು ಕೇಳಿಸುತ್ತದೆ. ನನ್ನ ಹಿಂದೆ ಏನೂ ಕೇಳಿಸುವುದಿಲ್ಲ. ಅದಕ್ಕೇ ಕಾಗದ ಬರೆಯೋಣ ಅಂದುಕೊಂಡೆ. ದೇವನಕೊಂಡದ ತೆಲುಗು ಶಾಲೆಯಲ್ಲಿ ಓದಿ, ನನ್ನ ತಮ್ಮನ ಕೈಹಿಡಿದು ನಮ್ಮ ಮನೆಗೆ ಬಂದ ನಿನಗೆ ಕನ್ನಡ ಅಕ್ಷರ ಕಲಿಸಿದವಳು ನಾನು. ಅವು ನಿನ್ನ ಕೈ ತಪ್ಪಿ ಹೋಗಬಾರದು.

ಬರೆಯುವುದಕ್ಕೆ ಏನಿದೆ ಅನ್ನಬೇಡ, ನಮ್ಮ ಆಟವಿದೆ. ಶ್ರೀನು ಆಟೋ ನಿಲ್ಲಿಸಿ, ಬಿಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇವತ್ತಿನ ಮೂರು ಮಾತು ತಗೋರಿ" ಅನ್ನುತ್ತಿದ್ದನಲ್ಲ. ಆದೋನಿಯಿಂದ ಬರುವ ಕೊನೆಯ ಟ್ರಿಪ್ಪಿನಲ್ಲಿ ಪ್ಯಾಸೆಂಜರುಗಳ ಬಾಯಿಂದ ಮೊದಲು ಬಿದ್ದ ಮೂರು ಮಾತು. ರೊಟ್ಟಿ ಮುಗಿಯುವುದರೊಳಗೆ ನೀನೊಂದು ಕಥೆ, ನಾನೊಂದು ಕಥೆ ಕಟ್ಟಬೇಕು, ಮೂರೂ ಮಾತು ಅದರಲ್ಲಿ ಬರಬೇಕು. ಆರಿಸಬಾರದು, ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕು. ಅದೊಂದೇ ಕಟ್ಟಳೆ. ಒಮ್ಮೆ ನಾನು, "ಸಿಮೆಂಟು, ಬಾಣಂತಿ, ತಹಶೀಲ್ದಾರ, ಇವು ಮೂರು ಹೆಂಗ ಸೇರತಾವೋ?" ಎಂದು ಜಗಳ ತೆಗೆದಿದ್ದೆ. "ಸೇರಲ್ಲ ಅಂದ್ರ ಒಂದ ಆಟೋದಾಗ ಹೆಂಗ ಬಂದ್ವು?" ಅಂದ.

ಅವನು ಹೋದ ಮೇಲೆ ಎರಡು ಉಗಾದಿ ಬಂದು ಹೋದವು. ಆ ಕಾಮಾಲೆಯ ಮಾತು ಇಲ್ಲಿ ಬರೆಯುವುದಿಲ್ಲ. ಅಂದಿನಿಂದ ಆಟ ನಿಂತಿದೆ.

ಈಗ ಎದ್ದು ಹೊಸ್ತಿಲಲ್ಲಿ ನಿಂತು ಬಂದೆ. ಮೊದಲು ಕೇಳಿಸಿದ್ದು ಮೂಕಮ್ಮ ಕೋಳಿಯನ್ನು ಬೈದದ್ದು. ಆಮೇಲೆ ಪ್ಲಾಸ್ಟಿಕ್ ಬಿಂದಿಗೆ ಮಾರುವವನ ಮೈಕು. ಆಮೇಲೆ ಒಂದು ಹುಡುಗಿ ಇನ್ನೊಂದಕ್ಕೆ, "ನಾಡಿದ್ದು ಪೀರಲ ಹಬ್ಬಕ್ಕ ರಜಾ" ಅಂದಳು. ಕೋಳಿ, ಬಿಂದಿಗೆ, ರಜಾ. ತಗೋ.

ಶಿವಲಕ್ಷ್ಮಿ


ಗುಂಟೂರು
28 ಜುಲೈ 2024, ಭಾನುವಾರ

ವದಿನಾ,

ಬೆಳಿಗ್ಗೆ ಹತ್ತು ಗಂಟೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದೇನೆ. ವಾರದಲ್ಲಿ ಇವತ್ತೊಂದು ದಿನ ಕೈ ಉರಿಯುವುದಿಲ್ಲ.

ನಿಮ್ಮ ಕಾಗದ ಕೋಲ್ಡ್ ಸ್ಟೋರೇಜಿನ ವಿಳಾಸಕ್ಕೆ ಬಂತು. ಮೇಸ್ತ್ರಿ ತಿರುಗಿಸಿ ತಿರುಗಿಸಿ ನೋಡಿ, "ಇದೇಂ ಭಾಷಮ್ಮಾ, ಊರಲ್ಲಿ ಯಾರಿಗೇನಾಯಿತು?" ಎಂದು ಗಾಬರಿಯಾದರು. ಇಲ್ಲಿ ಕಾಗದ ಅಂದರೆ ಕೆಟ್ಟ ಸುದ್ದಿ. ಗಂಡನ ಅಕ್ಕ, ನಮ್ಮ ವದಿನ ಬರೆದದ್ದು ಎಂದು ಹೇಳಿ ನಾನು ಓದಿ, "ಕೋಳಿ, ಬಿಂದಿಗೆ, ರಜಾ" ಅಂದೆ. ಆಮೇಲೆ ದಿನವೆಲ್ಲ ನನ್ನನ್ನು ಒಂದು ಥರ ನೋಡುತ್ತಿದ್ದರು.

ಕಥೆ ಇದು. ಒಂದೂರಲ್ಲಿ ಒಂದು ಕೋಳಿಗೆ ವಾರಕ್ಕೊಂದು ದಿನ ರಜಾ ಬೇಕಾಯಿತು. ಆರು ದಿನ ಮೊಟ್ಟೆ ಇಡುತ್ತೇನೆ, ಏಳನೆಯ ದಿನ ಕೇಳಬೇಡಿ ಅಂದಿತು. ಮನೆಯೊಡತಿ ಒಪ್ಪಲಿಲ್ಲ. "ಮೇಷ್ಟ್ರಾ ನೀನು, ರಜಾ ಕೇಳಾಕ?" ಅಂದಳು. ಕೋಳಿ ಹೋಗಿ ಹಿತ್ತಲಿನ ಖಾಲಿ ಬಿಂದಿಗೆಯೊಳಗೆ ಕೂತುಬಿಟ್ಟಿತು. ಒಡತಿ ಓಣಿಯೆಲ್ಲ ಹುಡುಕಿದಳು, ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋದಳು. ಅವಳ ಗಂಡ ಬಿಂದಿಗೆಯೊಳಗೆ ಬಗ್ಗಿ ನೋಡಿದ. ಟವೆಲ್ಲನ್ನು ಬಿಂದಿಗೆಯ ಬಾಯಿಗೆ ನೆರಳಾಗಿ ಹಾಸಿ, ಪಕ್ಕದಲ್ಲಿ ಕೂತು, "ನಮಗಿಬ್ಬರಿಗೂ ಇವತ್ತು ರಜಾ" ಅಂದ.

ವದಿನಾ, ಗಂಡನನ್ನು ನಾನು ಕಥೆಗೆ ಕರೆದಿರಲಿಲ್ಲ. ಕೋಳಿ ಬಿಂದಿಗೆ ಸೇರಿದಾಗಲೇ ಕಥೆ ಮುಗಿಯಬೇಕಿತ್ತು. ನಿಮ್ಮ ತಮ್ಮ ತಾವಾಗಿಯೇ ಬಂದರು.

ನನ್ನ ಮೂರು ಮಾತು ಗೇಟಿನ ಹತ್ತಿರ ನಿಂತು ತಂದದ್ದು: ಐಸು, ಚಪ್ಪಲಿ, ರೈಲು.

ಶ್ರಾವಣಿ


ಪೆದ್ದಕಡುಬೂರು
12 ಆಗಸ್ಟ್ 2024, ಸೋಮವಾರ

ಶ್ರಾವಣಿಗೆ,

ಸಂಜೆ ಆರು ಗಂಟೆ. ಹತ್ತಿ ಹೊಲಕ್ಕೆ ಕಳೆ ತೆಗೆಯಲು ಹೋದವರೆಲ್ಲ ಈಗ ಮರಳುತ್ತಿದ್ದಾರೆ. ಶಾಲೆಯಲ್ಲಿ ಬೇಳೆ ಹೊತ್ತಿತು, ಮಕ್ಕಳಿಗೆ ಗೊತ್ತಾಗಲಿಲ್ಲ, ಹೆಡ್‌ಮಾಸ್ಟರಿಗೆ ಗೊತ್ತಾಯಿತು. ನಿನ್ನ ಕಥೆಯನ್ನು ಮೂಕಮ್ಮನಿಗೆ ಓದಿ ಹೇಳಿದೆ. "ಆ ಗಂಡಸು ನಮ್ಮ ಶ್ರೀನುನಂಗ ಅದಾನ" ಅಂದಳು. ಟವೆಲ್ ಬಂದಾಗಲೇ ಗುರುತು ಹಿಡಿದಿದ್ದಳು.

ಈಗ ನನ್ನದು. ಆದೋನಿ ಸ್ಟೇಷನ್ನಿನಲ್ಲಿ ಒಬ್ಬಳು ಐಸಿನ ಗಡ್ಡೆಯನ್ನು ಹೊಟ್ಟಿನಲ್ಲಿಟ್ಟು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದಳು. ಗುಂತಕಲ್ಲಿನ ಆಸ್ಪತ್ರೆಯಲ್ಲಿ ಅವಳ ತಮ್ಮನಿಗೆ ಜ್ವರ. ಅವನು ಐಸು ಕೇಳಿದ್ದ. ರೈಲು ಬಂತು. ಹತ್ತುವಾಗ ಒಂದು ಚಪ್ಪಲಿ ಜಾರಿ ಹಳಿಯ ಮೇಲೆ ಬಿತ್ತು. ಚಪ್ಪಲಿಗೆ ಇಳಿದರೆ ರೈಲು ಹೋಗುತ್ತದೆ. ಅವಳು ಒಂದೇ ಚಪ್ಪಲಿಯಲ್ಲಿ ಹೋದಳು. ಸಿಗ್ನಲ್ಲಿನಲ್ಲಿ ರೈಲು ನಿಂತಿತು, ಮತ್ತೆ ನಿಂತಿತು. ಆಸ್ಪತ್ರೆ ಮುಟ್ಟಿದಾಗ ಸೆರಗು ತೊಯ್ದಿತ್ತು, ಐಸು ಇರಲಿಲ್ಲ. ಅವಳು ಬಾಗಿಲಲ್ಲೇ ನಿಂತಳು. ತಮ್ಮ ಅವಳ ಕಾಲು ನೋಡಿದ. "ತೊಯ್ದ ಸೆರಗು ಐತೆಲ್ಲ, ಅದನ್ನ ಹಣಿ ಮ್ಯಾಲೆ ಹಾಕು" ಅಂದ.

ನೋಡು, ನೀನು ಕೊಟ್ಟದ್ದು ಐಸು, ಚಪ್ಪಲಿ, ರೈಲು. ಅದರಲ್ಲಿ ಜ್ವರವೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಯಾವ ಮಾತು ಕೊಟ್ಟರೂ ನಾನು ಅವನ ಹತ್ತಿರವೇ ಹೋಗಿ ನಿಲ್ಲುತ್ತೇನೆ. ನೀನೂ ಹಾಗೆಯೇ. ಇದು ನನಗೆ ಸಮಾಧಾನ ಕೊಟ್ಟಿತು. ಇಬ್ಬರೂ ಬೇರೆ ಬೇರೆ ಊರಲ್ಲಿ ಕೂತು ಒಂದೇ ಮನೆಗೆ ಬರುತ್ತಿದ್ದೇವೆ ಅನ್ನಿಸಿತು.

ದಸರಾಕ್ಕೆ ಬರುತ್ತೀಯಲ್ಲ? ನಿನ್ನ ಟ್ರಂಕಿನ ಧೂಳು ಒರೆಸಿ ಇಟ್ಟಿದ್ದೇನೆ.

ಹೊಸ್ತಿಲಲ್ಲಿ ಸಿಕ್ಕವು: ಬೇವಿನ ಎಲೆ, ಕರೆಂಟು, ಅಳಿಯ.

ಶಿವಲಕ್ಷ್ಮಿ


ಗುಂಟೂರು
8 ಸೆಪ್ಟೆಂಬರ್ 2024, ಭಾನುವಾರ

ವದಿನಾ,

ತಡವಾಯಿತು. ಮಳೆಗೆ ಇಲ್ಲಿ ದಾರಿಗಳು ಕಟ್ಟಿದ್ದವು, ಪೋಸ್ಟು ಹೋಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನಾನು ಚೆನ್ನಾಗಿದ್ದೇನೆ.

ಕಥೆ. ಮೆಣಸಿನಕಾಯಿ ಗೋಡೌನಿನಲ್ಲಿ ಒಂದು ದಿನ ಕರೆಂಟು ಹೋಯಿತು. ಹೆಂಗಸರೆಲ್ಲ ಕತ್ತಲೆಯಲ್ಲಿ ಕೂತು ಕೆಮ್ಮುತ್ತಿದ್ದರು. ಒಬ್ಬಳು ಘಾಟಿಗೆಂದು ಬೇವಿನ ಎಲೆ ಹಿಡಿದು ಮೂಸುತ್ತಿದ್ದಳು. ಕರೆಂಟು ರಿಪೇರಿಯವನು ಟಾರ್ಚು ಹಿಡಿದು ಬಂದ. ಮೂಲೆಯಲ್ಲಿದ್ದ ಮುದುಕಿ ಅವನನ್ನು, "ಬಾ ಅಳಿಯಾ" ಎಂದು ಕರೆದಳು. ಅವಳ ಮಗಳು ತೀರಿಕೊಂಡು ಎಷ್ಟೋ ದಿನವಾಗಿತ್ತು, ಆದರೂ ಅವನು ಅಳಿಯನೇ. ಅವನು ವೈರು ಬಿಚ್ಚುತ್ತ, "ನನಗೊಂದು ಎಲೆ ಕೊಡ್ರಿ" ಎಂದು ಕೇಳಿ ಬಾಯಿಗೆ ಹಾಕಿಕೊಂಡ. ಹೆಂಗಸರು, "ಕಹಿ ಐತೇನು?" ಅಂದರು. "ಏನೂ ಇಲ್ಲ, ಸಕ್ಕರಿ" ಅಂದ. ಹಾಗನ್ನುವಾಗ ಅವನ ಮುಖ ಟಾರ್ಚಿನ ಬೆಳಕಿನಲ್ಲಿ ಮುದುಡಿ ಹೋಗಿತ್ತು. ಎಲ್ಲರೂ ನಕ್ಕರು. ಅಷ್ಟರಲ್ಲಿ ಕರೆಂಟು ಬಂತು. ಎಲೆ ಕೊಟ್ಟವಳು ಇನ್ನೂ ನಗುತ್ತಿದ್ದಳು. ಬೆಳಕಾಯಿತೆಂದು ಅವಳು ಬಾಯಿ ಮುಚ್ಚಲಿಲ್ಲ.

ದಸರಾಕ್ಕೆ ಬರಲು ಆಗುವುದಿಲ್ಲ. ಸ್ಟಾಕು ಇಳಿಸುತ್ತಿದ್ದಾರೆ, ರಜಾ ಕೊಡುವುದಿಲ್ಲ.

ನನ್ನ ಮೂರು ಮಾತು: ಸುಣ್ಣ, ಗಡಿಯಾರ, ಬೆಕ್ಕು.

ಶ್ರಾವಣಿ


ಪೆದ್ದಕಡುಬೂರು
22 ಸೆಪ್ಟೆಂಬರ್ 2024, ಭಾನುವಾರ

ಶ್ರಾವಣಿಗೆ,

ಮಧ್ಯಾಹ್ನ ಎರಡು ಗಂಟೆ. ಇವತ್ತು ಏನೂ ಮಾಡಲಿಲ್ಲ.

ಕಥೆ ಓದಿದೆ. ಮತ್ತೆ ಓದಿದೆ. ಚೆನ್ನಾಗಿದೆ. ಅದರಲ್ಲಿ ಶ್ರೀನು ಇಲ್ಲ.

ಮೂಕಮ್ಮನಿಗೆ ಓದಿ ಹೇಳಲಿಲ್ಲ. ಕೇಳಿದಳು, ಕಾಗದ ಬಂದಿಲ್ಲ ಅಂದೆ. ದೇವದಾಸ್ ಪೋಸ್ಟಿನವನು ಕೊಟ್ಟದ್ದನ್ನು ಅವಳೇ ನೋಡಿದ್ದಳು.

ದಸರಾಕ್ಕೆ ಬರುವುದು ಬಿಡುವುದು ನಿನ್ನ ಇಷ್ಟ. ಸುಣ್ಣ, ಗಡಿಯಾರ, ಬೆಕ್ಕಿಗೆ ನನಗೆ ಕಥೆ ಕೂಡಿಬರಲಿಲ್ಲ.

ನನ್ನ ಮೂರು ಮಾತು: ಆಟೋ, ಬಿಳಿ ಟವೆಲ್, ಅಕ್ಕ.

ಶಿವಲಕ್ಷ್ಮಿ


ಗುಂಟೂರು
20 ಅಕ್ಟೋಬರ್ 2024, ಭಾನುವಾರ

ವದಿನಾ,

ಈ ಮೂರು ಮಾತು ನಿಮಗೆ ಹೊಸ್ತಿಲಲ್ಲಿ ಸಿಕ್ಕಿದ್ದಲ್ಲ. ನಮ್ಮ ಓಣಿಯಲ್ಲಿ ನಾನೂ ಇದ್ದವಳು. ಅಲ್ಲಿ ಆ ಮೂರು ಹೀಗೆ ಒಂದರ ಹಿಂದೆ ಒಂದು ಬರುವುದಿಲ್ಲ. ನೀವು ಆರಿಸಿದ್ದೀರಿ. ಕಥೆ ಬರೆಯಲು ಆಗಲಿಲ್ಲ.

ಕಥೆಯಲ್ಲಿ ನಿಮ್ಮ ತಮ್ಮ ಇಲ್ಲ ಅಂದಿರಿ. ಹೌದು, ಇಲ್ಲ. ಅದನ್ನು ನಾನು ಎಷ್ಟು ಸಲ ಬರೆದು ಹರಿದೆನೋ. ಬರೆದಾಗೆಲ್ಲ ಗೋಡೌನಿನ ಬಾಗಿಲಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ನಿಲ್ಲುತ್ತಿದ್ದರು. ಅವರು ಇಲ್ಲದ ಒಂದು ಜಾಗದಲ್ಲಿ ನಾನು ನಗಬಹುದೋ ಇಲ್ಲವೋ ನೋಡಬೇಕಿತ್ತು. ಕೊನೆಗೆ ಒಂದು ಸಲ ಅವರು ಬರಲಿಲ್ಲ. ಆ ಕಾಗದವನ್ನೇ ನಿಮಗೆ ಕಳಿಸಿದೆ. ಡಬ್ಬಿಗೆ ಹಾಕಿ ಬಂದ ಮೇಲೆ ಆ ದಿನ ಅನ್ನ ಸೇರಲಿಲ್ಲ. ಇದು ಮರೆವು ಎಂದು ನಿಮಗೆ ಅನ್ನಿಸಿದರೆ ನಾನೇನು ಮಾಡಲಿ?

ಇನ್ನೊಂದು ಮಾತು ಬೇರೆಯವರಿಂದ ನಿಮಗೆ ತಿಳಿಯಬಾರದು. ಕರೆಂಟಿನವರು ನಿಜ. ಹೆಸರು ನಾಗಭೂಷಣ, ಎಮ್ಮಿಗನೂರಿನವರು, ನಮ್ಮ ಪೈಕಿಯವರೇ. ಹೆಂಡತಿ ತೀರಿಕೊಂಡಿದ್ದಾರೆ. ಮದುವೆಗೆ ನನ್ನನ್ನು ಕೇಳಿದರು. ಬೇವಿನ ಎಲೆ ತಿಂದದ್ದು ಮಾತ್ರ ನಾನು ಕಟ್ಟಿದ್ದು. ನಾನು ಹೌದು ಅನ್ನಲಿಲ್ಲ. ಅವರಿಗೆ ನಮ್ಮವರ ಪದ್ಧತಿ ನೆನಪು ಮಾಡಿದೆ. ಗಂಡ ಸತ್ತವಳು ಉಡಿಕಿ ಆಗಿ ಇನ್ನೊಬ್ಬರ ಮನೆ ಸೇರಬೇಕಾದರೆ ಮೊದಲ ಗಂಡನ ಮನೆಯವರು ಮನಸಾರೆ ಒಂದು ಸೀರೆ ಕೊಡಬೇಕು. ಅದನ್ನು ಉಟ್ಟು ಹೊರಟವಳು ಮತ್ತೆ ಆ ಮನೆಯ ಹೊಸ್ತಿಲು ತುಳಿಯಬಾರದು. ಆ ಮನೆಯಲ್ಲಿ ಈಗ ಇರುವವರು ನೀವೊಬ್ಬರೇ. ನಾಗಭೂಷಣ ಅವರ ಸೋದರಮಾವ ಸಿದ್ದಬಸಪ್ಪನವರು ನಿಮ್ಮನ್ನು ಕೇಳಲು ಬರುತ್ತಾರಂತೆ.

ನೀವು ಕೊಡದಿದ್ದರೆ ನನಗೆ ಸಿಟ್ಟಿಲ್ಲ. ನಿಮ್ಮ ಕೈಯಿಂದ ಸೀರೆ ಬಾರದೆ ನಾನು ಹೋಗುವುದಿಲ್ಲ.

ಈ ಸಲ ಮೂರು ಮಾತು ಇಲ್ಲ.

ಶ್ರಾವಣಿ


ಪೆದ್ದಕಡುಬೂರು
24 ನವೆಂಬರ್ 2024, ಭಾನುವಾರ

ಶ್ರಾವಣಿಗೆ,

ಬೆಳಿಗ್ಗೆ ಏಳು ಗಂಟೆ. ಚಳಿ ಬಿದ್ದಿದೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೂರು ಮಾತು ನಾನು ಆರಿಸಿದ್ದು ನಿಜ. ಆಟ ಕಲಿಸಿದವನು ಇದ್ದಿದ್ದರೆ ನನ್ನನ್ನು ಆಟದಿಂದಲೇ ಹೊರಗೆ ಹಾಕುತ್ತಿದ್ದ.

ಸಿದ್ದಬಸಪ್ಪನವರು ಹೋದ ವಾರ ಬಂದಿದ್ದರು. ಅದನ್ನು ಇದ್ದ ಹಾಗೆ ಬರೆಯುತ್ತೇನೆ. ಕಟ್ಟೆಯ ಮೇಲೆ ಕೂತರು. ನಾನು ಚೊಂಬು ಮುಂದಿಟ್ಟೆ.

"ನೀರು ಕುಡೀರಿ" ಅಂದೆ.

"ಕುಡ್ಯಾಕ ಬಂದಿಲ್ಲ ತಾಯಿ. ನೀವು ಹೌದು ಅಂದ್ರ ಕುಡಿತೀನಿ."

ಮೂಕಮ್ಮ ತನ್ನ ಕಟ್ಟೆಯಿಂದಲೇ, "ಹಂಗಾದ್ರ ಎಮ್ಮಿಗನೂರು ಮಟ ಬಾಯಿ ಒಣಗಿಸ್ಕೊಂಡ ಹೋಗಬೇಕಾಗತೈತಿ ನೋಡು ಹಿರಿಯಾ" ಅಂದಳು.

ಅವರು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು. "ನಮ್ಮ ಹುಡುಗ ಒಳ್ಳೆಯಾವ ಅಂತ ನಾನು ಹೇಳಾಂಗಿಲ್ಲ, ಎಲ್ಲ ಮಾವಂದಿರೂ ಹಂಗ ಹೇಳತಾರ. ಆಕಿ ಒಂದ ಮಾತು ಹೇಳ್ಯಾಳ. ವದಿನ ಅಳಕೋತ ಕೊಟ್ಟ ಸೀರಿ ನಾನು ಉಡಾಂಗಿಲ್ಲ ಅಂತ."

"ಸಂಕ್ರಾಂತಿ ಆಗಲಿ, ಹೇಳತೀನಿ" ಅಂದೆ. ಅವರು ಚೊಂಬಿನ ಕಡೆ ನೋಡಿ, ನೀರು ಕುಡಿಯದೆ ಎದ್ದು ಹೋದರು.

ಹೋದ ಮೇಲೆ ಮೂಕಮ್ಮ ನನ್ನನ್ನು ಬಿಡಲಿಲ್ಲ.

"ಏನು ಹೇಳತೀ ಸಂಕ್ರಾಂತಿಗೆ?"

"ಗೊತ್ತಿಲ್ಲ."

"ಗೊತ್ತೈತಿ. ಆಕಿ ಇಲ್ಲಿ ಬಂದ್ರ ಏನು ಮಾಡತೀ? ನೀವಿಬ್ರೂ ಎದುರುಬದುರು ಕುಂತು ಅಂವನ್ನ ನೆನಸ್ಕೋತ ಮುದುಕೇರು ಆಗತೀರಿ. ನನ್ನಂಗ. ನನಗರ ಬೈಯಾಕ ಕೋಳಿ ಅದಾವು."

ಅವಳಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ. ಸೀರೆ ಕೊಡುವುದು ದೊಡ್ಡದಲ್ಲ. ಕೊಟ್ಟ ಮೇಲೆ ನೀನು ಬರುವುದಿಲ್ಲ. ಅವನ ಮಾತು, ಅವನ ನಗು, ಅವನು ರೊಟ್ಟಿ ಮುರಿಯುತ್ತಿದ್ದ ಬಗೆ, ಇದನ್ನೆಲ್ಲ ಮನೆಯೊಳಗಿದ್ದು ಕಂಡವರು ಈ ಲೋಕದಲ್ಲಿ ನಾವಿಬ್ಬರೇ. ಒಬ್ಬಳು ಹೋದರೆ ಇನ್ನೊಬ್ಬಳು ನೆನಪಿಟ್ಟದ್ದು ನಿಜವೋ ಅಲ್ಲವೋ ಯಾರನ್ನು ಕೇಳಬೇಕು?

ಸುಣ್ಣ, ಗಡಿಯಾರ, ಬೆಕ್ಕು ನನ್ನ ಮೇಲೆ ಬಾಕಿ ಇದ್ದವು. ನಿನ್ನೆ ಬರೆದೆ. ಹಬ್ಬಕ್ಕೆ ಒಬ್ಬಳು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ನಿಂತುಹೋದ ಒಂದು ಗಡಿಯಾರವನ್ನು ಇಳಿಸಿದಳು. ಅದರ ಹಿಂದೆ ಹಳೆಯ ಗೋಡೆ ದುಂಡಗೆ ಕಂಡಿತು. ಅಷ್ಟನ್ನು ಬಿಟ್ಟು ಸುತ್ತಲೂ ಬಳಿದಳು. ಮನೆಯ ಬೆಕ್ಕು ಬಂದು ಆ ದುಂಡಗಿನ ಜಾಗವನ್ನೇ ನೋಡುತ್ತ ಕೂತಿತು. ಇಲಿ ಇದೆಯೇನೋ ಎಂದು ಕಾಯಿತು. ಸಂಜೆಯವರೆಗೆ ಕಾಯಿತು. ಆಮೇಲೆ ಎದ್ದು, ಮೈ ಮುರಿದು, ಹಾಲು ಕಾಯಿಸುವ ಮನೆಗೆ ಹೋಯಿತು. ಅವಳು ಕುಂಚವನ್ನು ಸುಣ್ಣದಲ್ಲಿ ಅದ್ದಿದಳು.

ಬಳಿದಳೋ ಇಲ್ಲವೋ ಬರೆಯಲು ನನಗೆ ಆಗಲಿಲ್ಲ. ಸ್ವಲ್ಪ ತಡಿ ಶ್ರಾವಣಿ.

ಶಿವಲಕ್ಷ್ಮಿ


ಗುಂಟೂರು
15 ಡಿಸೆಂಬರ್ 2024, ಭಾನುವಾರ

ವದಿನಾ,

ಮಧ್ಯಾಹ್ನ ಮೂರು ಗಂಟೆ. ಬಟ್ಟೆ ಒಗೆದು ಹಾಕಿದೆ. ಕೋಣೆಯವರೆಲ್ಲ ಸಿನಿಮಾಕ್ಕೆ ಹೋಗಿದ್ದಾರೆ.

ನಿಮ್ಮ ಕಾಗದ ನನಗೆ ಅರ್ಥವಾಯಿತು. ನೀವು ಆಗುವುದಿಲ್ಲ ಅನ್ನಲಾರದೆ ತಡಿ ಅಂದಿದ್ದೀರಿ. ನಿಮ್ಮನ್ನು ಆ ಕಷ್ಟಕ್ಕೆ ಹಾಕಿದ್ದು ನಾನು. ನಾಗಭೂಷಣ ಅವರಿಗೆ ಬೇಡ ಎಂದು ಹೇಳಿಬಿಟ್ಟೆ. ಸರಿ ಅಂದರು. ಮರುದಿನ ನಮ್ಮ ಶೆಡ್ಡಿಗೆ ಫ್ಯೂಸು ನೋಡಲು ಬಂದರು. ಫ್ಯೂಸು ಹೋಗಿರಲಿಲ್ಲ. ಜೊತೆಯವಳು, "ಏಮಣ್ಣಾ, ದೀಪಗಳೆಲ್ಲ ಉರೀತಾನೇ ಇದಾವಲ್ಲ" ಅಂದಳು. "ಉರಿಯುತ್ತಿರುವಾಗಲೇ ನೋಡಬೇಕು" ಅಂದು ಹೋದರು.

ಸಂಕ್ರಾಂತಿಗೆ ಬರುತ್ತೇನೆ. ಆಮೇಲೆ ಇಲ್ಲಿಗೆ ಮರಳುವುದಿಲ್ಲ. ಶಾಲೆಯ ಅಡುಗೆಯಲ್ಲಿ ನಿಮ್ಮ ಜೊತೆ ಯಾರಾದರೂ ಬೇಕಾದರೆ ನನ್ನ ಹೆಸರು ಹೇಳಿರಿ.

ನಿಮ್ಮ ಮೂರು ಮಾತು ನನ್ನ ಮೇಲೆ ಬಾಕಿ ಇವೆ. ಆರಿಸಿ ಕೊಟ್ಟದ್ದಾದರೂ ಕೊಟ್ಟದ್ದೇ. ಬರೆದಿದ್ದೇನೆ.

ಆದೋನಿಯಲ್ಲಿ ಒಂದು ಆಟೋ ತುಂಬುತ್ತಿತ್ತು. ಮುಂಚೆಯೇ ಬಂದಿದ್ದ ಅಕ್ಕ ತನ್ನ ಪಕ್ಕದ ಜಾಗದ ಮೇಲೆ ಬಿಳಿ ಟವೆಲ್ ಹಾಕಿದಳು. ಬಂದವರು, "ಇಲ್ಲಿ ಯಾರರ ಬರತಾರ?" ಎಂದು ಕೇಳಿದರು. "ಬರತಾರ" ಅಂದಳು. ಜನ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತರು, ಡ್ರೈವರಿನ ಎರಡೂ ಕಡೆ ಕೂತರು. ಕೊನೆಗೆ ಒಬ್ಬಳು ಬಂದಳು. ಅವಳಿಗೆ ಜಾಗವಿರಲಿಲ್ಲ. ಹಿಂದಿನ ಕಂಬಿ ಹಿಡಿದು ನಿಂತಳು. ಟವೆಲ್ಲನ್ನು ನೋಡಿದಳು, ತೆಗೆಯಿರಿ ಅನ್ನಲಿಲ್ಲ. ಅವಳಿಗೂ ಆ ಟವೆಲ್ ಯಾರದೆಂದು ಗೊತ್ತಿತ್ತು. ದಾರಿಯುದ್ದಕ್ಕೂ ಗುಂಡಿಗಳು. ಊರು ಬಂತು, ಎಲ್ಲರೂ ಇಳಿದರು. ಟವೆಲ್ ಹಾಕಿದ ಹಾಗೆಯೇ ಇತ್ತು, ಒಂದು ಸುಕ್ಕೂ ಬಿದ್ದಿರಲಿಲ್ಲ.

ನಿಮ್ಮನ್ನು ಅನ್ನಬೇಕೆಂದು ಬರೆದದ್ದಲ್ಲ ವದಿನಾ. ಮೂರೂ ಮಾತು ಬರಬೇಕಲ್ಲ, ಹೀಗೆ ಬಂತು.

ಶ್ರಾವಣಿ


ಪೆದ್ದಕಡುಬೂರು
29 ಡಿಸೆಂಬರ್ 2024, ಭಾನುವಾರ

ಶ್ರಾವಣಿಗೆ,

ಸಂಜೆ ನಾಲ್ಕೂವರೆ. ಬೆಳಿಗ್ಗೆ ಮನೆ ಸಾರಿಸಿದೆ, ಜೋಳ ಬೀಸಿಸಿ ತಂದೆ. ನಿನ್ನ ಕಾಗದ ಬಂದು ಮೂರು ದಿನವಾಯಿತು.

ಮುಚ್ಚಿಡುವುದಿಲ್ಲ. ನೀನು ಬಂದುಬಿಡುತ್ತೇನೆ ಎಂದು ಬರೆದದ್ದನ್ನು ಓದಿದಾಗ ನನಗೆ ಮೊದಲು ಸಂತೋಷವೇ ಆಯಿತು. ಕಥೆ ಓದಲೇ ಇಲ್ಲ. ಕಾಗದ ಮಡಚಿಟ್ಟು ನಿನ್ನ ಚಾಪೆ ಬಿಸಿಲಿಗೆ ಹಾಕಿದೆ. ಹೆಡ್‌ಮಾಸ್ಟರನ್ನು ಕಂಡು ಅಡುಗೆ ಕೆಲಸದ ಮಾತೂ ಆಡಿ ಬಂದೆ. ಸಂಜೆ ಮೂಕಮ್ಮ, "ಕಥಿ ಕಳಿಸ್ಯಾಳಿಲ್ಲೋ?" ಅಂದಳು. ಆಗ ಓದಿದೆ, ಅವಳಿಗೂ ಕೇಳಲಿ ಎಂದು ಗಟ್ಟಿಯಾಗಿ.

ಅವಳು ಬಾಯೊಳಗಿನ ಎಲೆ ಅಡಿಕೆ ಉಗುಳಿದಳು. ಆಮೇಲೆ ಕೇಳಿದಳು.

"ಅಲ್ಲ, ಆ ಅಕ್ಕ ಟವೆಲ್ಲು ತೊಡಿ ಮ್ಯಾಲೆ ಇಟ್ಕೊಂಡಿದ್ರ ಏನಾಗತಿತ್ತು?"

"ಏನೂ ಆಗತಿರಲಿಲ್ಲ" ಅಂದೆ.

"ಆ ನಿಂತಾಕಿ ಅಲ್ಲಿ ಕುಂತಿದ್ರೂ, ಬರಾವ ಬಂದ್ರ ತಾನ ಎದ್ದು ಜಾಗ ಕೊಡತಿದ್ಳು."

"ಹೌದು."

"ಮತ್ತ?"

ನೀನು ಅಷ್ಟು ದೂರ ನಿಂತೇ ಬಂದಿದ್ದೀ. ನಾನು ಕೂತವಳು ನಿನ್ನ ಕಾಲು ನೋಡಲಿಲ್ಲ.

ಮರುದಿನವೇ ಸಿದ್ದಬಸಪ್ಪನವರಿಗೆ ಫೋನು ಮಾಡಿದೆ. ನೀನು ಬೇಡ ಅಂದದ್ದು ಅವರಿಗೂ ತಿಳಿದಿದೆ. "ಆಕಿ ಬ್ಯಾಡ ಅಂದಾಳ ತಾಯಿ, ಆದರ ನಮ್ಮ ಹುಡುಗ ಇನ್ನೊಂದು ಹುಡುಗಿ ನೋಡಾಕ ಬರಾವಲ್ಲ. ಏನು ಮಾಡೂದು ನೀವ ಹೇಳ್ರಿ" ಅಂದರು. ನಾನು ಹೌದು ಎಂದು ಹೇಳಿದ್ದೇನೆ. ನೀನು ಬೇಡ ಅಂದದ್ದು ನನಗೋಸ್ಕರವಾಗಿದ್ದರೆ ಅದನ್ನು ಹಿಂದಕ್ಕೆ ತಗೋ. ಬೇರೆ ಕಾರಣವಿದ್ದರೆ ಮಾತ್ರ ಬರೆ. ಆಗ ನಿನ್ನ ಚಾಪೆ ಇಲ್ಲಿದೆ, ಯಾರೂ ಏನೂ ಕೇಳುವುದಿಲ್ಲ.

ಸಂಕ್ರಾಂತಿಗೆ ಬಾ. ಸೀರೆ ಉಟ್ಟು ಹೊರಡುವವರೆಗೆ ಈ ಮನೆ ನಿನ್ನದು. ಹಬ್ಬದ ಮೂರೂ ದಿನ ಇರು. ನಿನ್ನ ಟ್ರಂಕನ್ನು ನೀನೇ ತೆಗೆದು, ಬೇಕಾದದ್ದು ತೆಗೆದುಕೊಂಡು ಹೋಗು. ಅವನ ಫೋಟೋ ಎರಡು ಇವೆ, ಒಂದನ್ನು ಕೇಳಬೇಕೆಂದು ನಿನಗೆ ಅನ್ನಿಸಿದರೆ ನಾಚಿಕೊಳ್ಳಬೇಡ. ನಾನು ಅಳುವುದಿಲ್ಲ ಎಂದು ಹೇಳಲಾರೆ. ಸೀರೆ ಕೊಡುವ ಗಳಿಗೆಯಲ್ಲಿ ಅಳುವುದಿಲ್ಲ, ಅಷ್ಟನ್ನು ಮಾಡುತ್ತೇನೆ.

ಆಮೇಲಿನದು. ನೀನು ಈ ಹೊಸ್ತಿಲು ತುಳಿಯುವಂತಿಲ್ಲ. ನಾನು ಒಬ್ಬಳೇ ಇದನ್ನು ಹೊಡೆದು ಹಾಕಲಾರೆ. ಹಿರಿಯರಿದ್ದಾರೆ, ನಿನ್ನ ಹೊಸ ಮನೆಯವರೂ ಒಪ್ಪಲಿಕ್ಕಿಲ್ಲ. ಮೂಕಮ್ಮ ಮಾತ್ರ, "ಹೊಸ್ತಿಲಿಗೆ ಕಟ್ಟಳಿ ಐತಿ, ಪೋಸ್ಟಿನ ಡಬ್ಬಿಗೆ ಎಲ್ಲೈತಿ?" ಅಂದಳು. ನೀನು ಬರೆದರೆ ನಾನು ಓದುತ್ತೇನೆ. ಬರೆಯದಿದ್ದರೆ ನೀನು ಕೆಲಸದಲ್ಲಿದ್ದೀ ಅಂದುಕೊಳ್ಳುತ್ತೇನೆ, ಬೇರೇನೂ ಅಂದುಕೊಳ್ಳುವುದಿಲ್ಲ.

ಆಟವನ್ನು ನಾಗಭೂಷಣ ಅವರಿಗೂ ಕಲಿಸು. ಇದನ್ನು ಬರೆಯುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು, ಅದಕ್ಕೇ ಇಲ್ಲಿ ಶಾಯಿ ಬೇರೆಯಾಗಿದೆ. ನಮ್ಮ ಮೂವರ ಆಟ ಅದು ಎಂದು ನೀನು ಅವರಿಂದ ಮುಚ್ಚಿಟ್ಟರೆ ಅದು ನನ್ನ ಹತ್ತಿರವೇ ಸತ್ತುಹೋಗುತ್ತದೆ. ಕಟ್ಟಳೆ ಮಾತ್ರ ಸರಿಯಾಗಿ ಹೇಳು. ಆರಿಸಬಾರದು. ನಿನ್ನ ಕಥೆಯಲ್ಲಿ ಶ್ರೀನು ಬಂದರೆ ಬರಲಿ, ಬಾರದಿದ್ದರೆ ನಾನು ಲೆಕ್ಕ ಕೇಳುವುದಿಲ್ಲ. ನನ್ನ ಕಥೆಗೆ ಅವನು ದಿನವೂ ಬರುತ್ತಾನೆ, ಅವನಿಗೆ ಜಾಗ ಕಡಿಮೆಯಾಗಿಲ್ಲ.

ಸೀರೆಯ ಬಣ್ಣ ಯಾವುದಿರಬೇಕು ಎಂದು ನಮ್ಮಿಬ್ಬರಿಗೆ ಇನ್ನೂ ಜಗಳ ನಡೆದಿದೆ. ಮೂಕಮ್ಮ ಹಸಿರು ಅನ್ನುತ್ತಾಳೆ. ನಿನಗೆ ನೇರಳೆ ಒಪ್ಪುತ್ತದೆ ಎಂದು ನನಗೆ ಗೊತ್ತು.

ನಾಳೆ ಸೋಮವಾರ. ಶಾಲೆಯ ಅಡುಗೆಗೆ ನನ್ನ ಬದಲು ನಮ್ಮ ಓಣಿಯ ಗುರುಬಸಮ್ಮ ಹೋಗುತ್ತಾಳೆ. ನಾನೂ ಮೂಕಮ್ಮನೂ ಎಂಟೂವರೆಯ ಬಸ್ಸಿಗೆ ಎಮ್ಮಿಗನೂರಿಗೆ ಹೋಗಿ, ನೇಕಾರರ ಸೊಸೈಟಿ ಅಂಗಡಿಯಲ್ಲಿ ಸೀರೆ ತರುತ್ತೇವೆ.

ಶಿವಲಕ್ಷ್ಮಿ